ಬೆಲ್ಟ್ ಸಡಿಲ, ಬಾಯಿ ಬಿಗಿ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಮಗಳಿಗೆ ಏಳು ತಿಂಗಳು. ಹೆರಿಗೆ ರಜೆ ಮುಗಿದ ಮೇಲೆ ಹಗಲು ಹೊತ್ತು ಅವಳನ್ನು ನೋಡಿಕೊಳ್ಳುತ್ತಿರುವುದು ನನ್ನ ವಾರಗಿತ್ತಿ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವರು, ಅಕ್ಕ ಅಂತಲೇ ಕರೆಯುತ್ತೇನೆ. ಬೆಳಿಗ್ಗೆ ತಮ್ಮ ಮಗನನ್ನು ಸ್ಕೂಲಿಗೆ ಬಿಡಲು ಕಾರಿನಲ್ಲಿ ಹೋಗುವಾಗ ನನ್ನ ಮಗಳನ್ನೂ ಕರೆದುಕೊಂಡು ಹೋಗುತ್ತಾರೆ. ನಾವು ಕೊಂಡ ಕಾರ್ ಸೀಟು, ಹಿಡಿಕೆ ಇರೋದು, ಅವರ ಕಾರಿನಲ್ಲೇ ಇದೆ. ಮೊನ್ನೆ ರಜೆ ಹಾಕಿದ ದಿನ ಗಮನಿಸಿದೆ. ಹಿಂದೆ ಇಟ್ಟಿದ್ದ ಸೀಟನ್ನು ಮುಂದೆ ತಮ್ಮ ಪಕ್ಕಕ್ಕೆ ತಂದುಕೊಂಡಿದ್ದಾರೆ. ದಪ್ಪ ಸ್ವೆಟರ್ ಮೇಲೆ ಬೆಲ್ಟ್ ಜೋತು ಬಿದ್ದಿತ್ತು. ಮನೆಗೆ ಬಂದ ಮೇಲೂ ನಿದ್ದೆ ಹೋಗಿದ್ದ ಮಗುವನ್ನು ಸೀಟಿನ ಸಮೇತ ಹಾಲ್‌ನಲ್ಲಿ ಇಟ್ಟರು. ಅವರಿಗೆ ಒಂದು ರೂಪಾಯಿ ಕೊಡುತ್ತಿಲ್ಲ ನಾನು. ಯಾವ ಬಾಯಲ್ಲಿ ತಪ್ಪು ಅನ್ನಲಿ?
– ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ಒಂದು ವಿಷಯಕ್ಕೆ ಮಾತ್ರ ಒಳ್ಳೆ ಗಳಿಗೆ ಕಾಯುತ್ತಾ ಕೂರಬೇಡಿ. ಆ ಸೀಟು ಹಿಂದಕ್ಕೆ ಹೋಗಬೇಕು, ನಾಳೆ ಬೆಳಿಗ್ಗೆ ಕಾರು ಹೊರಡುವ ಮುಂಚೆಯೇ. ಈ ವಯಸ್ಸಿನ ಮಗುವಿನ ಸೀಟು ಹಿಮ್ಮುಖವಾಗಿ ಇರುತ್ತದೆ, ಅಂದರೆ ಮಗುವಿನ ಮುಖ ಕಾರಿನ ಹಿಂಭಾಗಕ್ಕೆ. ಅದನ್ನು ಡ್ರೈವರ್ ಪಕ್ಕ ಇಟ್ಟರೆ ಮಗುವಿನ ತಲೆ ಡ್ಯಾಶ್‌ಬೋರ್ಡಿನ ಹತ್ತಿರ ಹೋಗುತ್ತದೆ. ಡಿಕ್ಕಿಯಾದರೆ ಡ್ಯಾಶ್‌ಬೋರ್ಡಿನೊಳಗಿನ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಉಬ್ಬಿದರೆ ಬಡಿಯುವುದು ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದಕ್ಕೆ. ಸಣ್ಣ ಅಪಘಾತದಲ್ಲೂ ಜೀವ ಹೋಗಬಹುದು.

ಇದನ್ನು ನೀವೇ ಹೇಳಬೇಕು ಅಂತಲೂ ಇಲ್ಲ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಪಕ್ಕದ ಸೀಟಿನ ಮುಂದೆ, ಬಿಸಿಲಿಗೆ ಅಂತ ಇಳಿಸಿಕೊಳ್ಳುವ ಆ ಹಲಗೆಯ ಮೇಲೆ ಒಂದು ಚಿತ್ರ ಅಂಟಿಸಿರುತ್ತಾರೆ. ಹಿಮ್ಮುಖ ಮಗು, ಅದರ ಮೇಲೆ ಕೆಂಪು ಗೆರೆ. ಅದನ್ನು ಇಳಿಸಿ, ‘ಅಕ್ಕ, ಇಲ್ಲಿ ನೋಡಿ, ನನ್ನ ಕಣ್ಣಿಗೂ ಇಷ್ಟು ದಿನ ಬಿದ್ದಿರಲಿಲ್ಲ’ ಅನ್ನಿ. ಬುದ್ಧಿ ಹೇಳಿದ್ದು ಕಾರು. ನೀವಲ್ಲ.

ಅವರು ಯಾಕೆ ಮುಂದೆ ತಂದರು ಯೋಚಿಸಿದ್ದೀರಾ? ಒಬ್ಬರೇ ಕಾರು ಓಡಿಸುವಾಗ ಹಿಂದೆ ಮಗು ಕೆಮ್ಮಿದರೂ ಎದೆ ಧಸಕ್ ಅನ್ನುತ್ತದೆ. ಮುಖ ಕಾಣಲಿ ಅಂತ ತಂದಿದ್ದಾರೆ. ಹಾಗಾಗಿ ಸೀಟು ಹಿಂದಕ್ಕೆ ಹಾಕಿ ಅನ್ನುವಾಗಲೇ ಆ ಭಯಕ್ಕೂ ಒಂದು ದಾರಿ ತೋರಿಸಿ. ಹೋಗುವಾಗ ಅವರ ಮಗ ಹಿಂದೆ, ಪಾಪುವಿನ ಪಕ್ಕ ಕೂರಲಿ. ‘ಚಿಕ್ಕಮ್ಮನ ಪಾಪುಗೆ ನೀನೇ ಕಂಡಕ್ಟರ್’ ಅನ್ನಿ ಸಾಕು, ನಿದ್ದೆ ಮಾಡಿದಳಾ, ಎದ್ದಳಾ, ಮೂಗು ಸೋರಿತಾ, ಎಲ್ಲಾ ವರದಿ ಬರುತ್ತದೆ. ವಾಪಸ್ ಬರುವಾಗ ಅಳು ಕೇಳಿದರೆ ಕಾರು ಪಕ್ಕಕ್ಕೆ ಹಾಕಿ ನೋಡಬಹುದು. ಐದು ನಿಮಿಷ ತಡವಾದರೆ ಯಾವ ಬಸ್ಸೂ ತಪ್ಪುವುದಿಲ್ಲ.

ಇನ್ನು ಬೆಲ್ಟ್. ಇಲ್ಲಿ ನಯ ಬೇಕು. ಯಾಕೆ ಅಂದರೆ ಈ ತಪ್ಪು ಮಾಡಿದವಳು ನಾನೂ ಹೌದು.

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ 31 ವರ್ಷ ನರ್ಸ್ ಆಗಿದ್ದವಳು ನಾನು. ಹೊರದೇಶದಲ್ಲಿರುವ ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಳು. ಎಲ್ಲಾ ಸೇರಿ ಮಂಡ್ಯದಿಂದ ನಿಮಿಷಾಂಬ ದೇವಸ್ಥಾನಕ್ಕೆ ಹೊರಟೆವು. ಮಗು ಬೆಲ್ಟಿನೊಳಗೆ ಕೊಸರಾಡುತ್ತಿತ್ತು. ಅಯ್ಯೋ ಪಾಪ ಅಂತ ಗುಂಡಿ ಒತ್ತಿ ಪಟ್ಟಿ ಎಳೆದು ಸಡಿಲ ಮಾಡಿದೆ. ಮುಂದೆ ಕೂತಿದ್ದ ಮಗಳು ತಿರುಗಿ ನೋಡಿದಳು. ಪಕ್ಕದಲ್ಲೇ ಬೀಗಿತ್ತಿ ಇದ್ದಾರೆ. ‘ಅಮ್ಮಾ, ನಿಂಗೆ ಇದೆಲ್ಲಾ ಗೊತ್ತಾಗಲ್ಲ, ಸುಮ್ನೆ ಇರು’ ಅಂದಳು. ಮಾತು ಸರಿಯೇ. ಆದರೆ ಶ್ರೀರಂಗಪಟ್ಟಣ ಬರುವವರೆಗೆ ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಕೂತೆ. ಗಂಟಲು ಉಬ್ಬಿ ಬಂದಿತ್ತು. ಸಾವಿರಾರು ಮಕ್ಕಳ ಕೈಗೆ ಸೂಜಿ ಹಾಕಿದವಳು, ನನಗೆ ಗೊತ್ತಾಗಲ್ವಂತೆ!

ದರ್ಶನ ಮುಗಿಸಿ ವಾಪಸ್ ಹೊರಡುವಾಗ ಅಳಿಯ ಮಗುವನ್ನು ಕೂರಿಸಿ ನನ್ನನ್ನು ಕರೆದ. ‘ಅತ್ತೆ, ಇದು ಬಿಗಿ ಇದ್ಯಾ ಒಂಚೂರು ನೋಡಿ, ನಿಮ್ಮ ಕೈಗಾದ್ರೆ ಅಂದಾಜು ಸಿಗುತ್ತೆ’ ಅಂದ. ನೋಡುವ ರೀತಿಯನ್ನೂ ಹೇಳಿದ. ಮಗುವಿನ ಹೆಗಲೆಲುಬಿನ ಹತ್ತಿರ ಬೆಲ್ಟನ್ನು ಹೆಬ್ಬೆರಳು, ತೋರುಬೆರಳಲ್ಲಿ ಸೀರೆ ನೆರಿಗೆ ಹಿಡಿದ ಹಾಗೆ ಹಿಡಿಯಬೇಕು. ನೆರಿಗೆ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲ. ಬೆರಳು ಜಾರಿದರೆ ಸರಿ. ನಾನು ಹಿಡಿದೆ, ಸಿಕ್ಕಿತು. ಎಳೆದೆ. ಮತ್ತೆ ಹಿಡಿದೆ, ಜಾರಿತು. ಮಗು ಅಳಲಿಲ್ಲ, ಮಂಡ್ಯ ಬರುವಷ್ಟರಲ್ಲಿ ನಿದ್ದೆ ಹೋಗಿತ್ತು. ಅವತ್ತಿಂದ ಆ ಬೆಲ್ಟ್ ಹಾಕುವ ಕೆಲಸ ನನ್ನದೇ. ಮಗಳಿಗೂ ಬಿಡುತ್ತಿರಲಿಲ್ಲ. (ಅಳಿಯ ಬೇಕೂಂತಲೇ ಹಾಗೆ ಮಾಡಿದ ಅಂತ ಗೊತ್ತಾಗಿದ್ದು ಆಮೇಲೆ. ಕಿಲಾಡಿ.)

ನೀವೂ ಹಾಗೇ ಮಾಡಿ. ಬೆಳಿಗ್ಗೆ ಸ್ಕೂಲ್ ಗಡಿಬಿಡಿಯಲ್ಲಿ ಬೇಡ. ಭಾನುವಾರ ಊಟ ಆದ ಮೇಲೆ, ಕಾರು ನೆರಳಲ್ಲಿ ನಿಂತಿರುವಾಗ ಕರೆಯಿರಿ. ‘ಅಕ್ಕ, ಸೀಟು ತಂದಿಟ್ಟಿದ್ದು ಬಿಟ್ಟರೆ ನಿಮಗೆ ಸರಿಯಾಗಿ ತೋರಿಸಲೇ ಇಲ್ಲ ನಾನು. ಬನ್ನಿ, ಇಬ್ಬರೂ ಒಂದ್ಸಲ ಬಿಚ್ಚಿ ಹಾಕೋಣ.’ ಇದು ನಾಟಕವಲ್ಲ. ನೀವು ತೋರಿಸಿಲ್ಲ ಅಲ್ವಾ? ಆ ಸೀಟಿನ ಜೊತೆ ಬಂದ ಪುಸ್ತಕ ಈಗ ನಿಮ್ಮ ಮನೆಯ ಯಾವ ಕಪಾಟಿನಲ್ಲಿದೆ?

ಸ್ವೆಟರ್ ವಿಷಯ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಣ್ಣಿಗೆ ತೋರಿಸಬೇಕು. ಮಗುವಿಗೆ ಸ್ವೆಟರ್ ಹಾಕಿ ಬೆಲ್ಟ್ ಬಿಗಿ ಮಾಡಿ. ಪಟ್ಟಿ ಸಡಿಲಿಸದೆ ಬಕಲ್ ಮಾತ್ರ ಬಿಚ್ಚಿ, ಸ್ವೆಟರ್ ತೆಗೆದು, ಮತ್ತೆ ಬಕಲ್ ಹಾಕಿ. ಬಿಗಿ ಇದ್ದ ಬೆಲ್ಟ್ ಈಗ ಹೆಗಲ ಮೇಲೆ ಎಷ್ಟು ಸಡಿಲ ನಿಂತಿದೆ ನೋಡಿ. ಡಿಕ್ಕಿ ಹೊಡೆದಾಗ ಉಣ್ಣೆ ಅಷ್ಟೂ ಅಮುಕಿಹೋಗುತ್ತದೆ, ಮಗು ಆ ಸಂದಿಯಲ್ಲಿ ಜಾರುತ್ತದೆ. ಚಳಿಗೆ ತೆಳು ಬಟ್ಟೆ ಹಾಕಿ, ಬೆಲ್ಟ್ ಬಿಗಿ ಮಾಡಿ, ಅದರ ಮೇಲಿಂದ ಹೊದಿಸಿದರಾಯಿತು. ಹಿಮ್ಮುಖ ಸೀಟಿನಲ್ಲಿ ಹೆಗಲ ಪಟ್ಟಿ ಮಗುವಿನ ಹೆಗಲ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಹೊರಬರಬೇಕು. ಬೆಳೆಯುವ ಮಗು, ಆಗಾಗ ನೋಡುತ್ತಿರಿ.

‘ನಾವೆಲ್ಲಾ ಮಕ್ಕಳನ್ನ ಮಡಿಲಲ್ಲಿ ಕೂರಿಸ್ಕೊಂಡೇ ಬೆಳೆಸಿಲ್ವಾ?’ ಅಂತ ಅವರು ಅಂದೇ ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. ಹೌದಕ್ಕ ಅನ್ನಿ. ಒಂದು ಲೆಕ್ಕ ಮಾತ್ರ ಹೇಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗಿ ಗೋಡೆಗೆ ಗುದ್ದುವುದೂ, ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ರಿಂಗ್ ರಸ್ತೆಯಲ್ಲಿ 50ಕ್ಕೆ ನಿಲ್ಲುವವರು ಯಾರು?

ಹಾಲ್‌ನಲ್ಲಿ ಸೀಟಲ್ಲೇ ಮಲಗಿಸುವುದು ಬೇಡ. ಗದ್ದ ಎದೆಗೆ ತಾಗಿದರೆ ಎಳೆ ಮಗುವಿನ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅಂಥ ಮಗು ಅಳುವುದೂ ಇಲ್ಲ, ನಿದ್ದೆ ಅಂತಲೇ ಕಾಣುತ್ತದೆ. ಕಾರು ನಿಂತ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಎದ್ದು ಅತ್ತರೆ ಅಳಲಿ.

ಮಾಡಬಾರದ್ದು ಒಂದೆರಡಿದೆ. ಗಂಡನ ಕೈಲಿ ಭಾವನಿಗೆ ಹೇಳಿಸಬೇಡಿ, ಅದು ದೂರು ಹೇಳಿದ ಹಾಗಾಗುತ್ತದೆ. ಫ್ಯಾಮಿಲಿ ಗ್ರೂಪಿಗೆ ಅಪಘಾತದ ವಿಡಿಯೋ ಹಾಕಬೇಡಿ, ಯಾರಿಗೆ ಹಾಕಿದ್ದು ಅಂತ ಇಡೀ ಗ್ರೂಪಿಗೆ ಗೊತ್ತಾಗುತ್ತದೆ. ಕಾನೂನೂ ಎತ್ತಬೇಡಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ, ಆದರೆ ಮಗುವನ್ನು ಪುಕ್ಕಟೆ ನೋಡಿಕೊಳ್ಳುವವರಿಗೆ ದಂಡದ ಮಾತು ಆಡುವುದು ಚೆನ್ನಾಗಿರುವುದಿಲ್ಲ.

ಇಷ್ಟಾದ ಮೇಲೂ ಸೀಟು ಮುಂದಕ್ಕೇ ಬಂದರೆ? ಆಗ ಮಗು ಆ ಕಾರು ಹತ್ತುವುದು ಬೇಡ. ಬೆಳಗಿನ ಆ ಮುಕ್ಕಾಲು ಗಂಟೆ ನಿಮ್ಮ ಹತ್ತಿರವೇ ಇರಲಿ, ಅವರು ಸ್ಕೂಲಿಂದ ಬಂದ ಮೇಲೆ ಬಿಟ್ಟು ಬ್ಯಾಂಕಿಗೆ ಹೋಗಿ. ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳುವುದು ವಾರಗಿತ್ತಿ ಹತ್ತಿರ ಮುನಿಸು ಕಟ್ಟಿಕೊಳ್ಳುವುದಕ್ಕಿಂತ ಸುಲಭ.

ಪ್ರಶ್ನೆ: ಎರಡು ವರ್ಷದ ಮೊಮ್ಮಗಳನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಅಂಗಡಿ ಬೀದಿಗೆ ಹೋಗಿಬರುತ್ತೇನೆ. ಅವಳಿಗೆ ಗಾಳಿ ಅಂದರೆ ಖುಷಿ. ಸೊಸೆ ಬೇಡ ಅಂದಳು. ನಾನು ರೇಗಿದೆ. ಈಗ ಊಟಕ್ಕೆ ಬನ್ನಿ ಅನ್ನುವಷ್ಟೇ ಮಾತು. ನಾನು ಓಡಿಸುವುದು ನಿಧಾನವೇ.
– ಒಬ್ಬ ತಾತ, ಮದ್ದೂರು

ಉತ್ತರ: ನಿಮ್ಮ ಸೊಸೆಗೆ ಮೇಲಿನ ಉತ್ತರ ಓದಿಸಬೇಕಿತ್ತು, ಇಷ್ಟು ನೇರವಾಗಿ ಹೇಳುತ್ತಿರಲಿಲ್ಲವೇನೋ. ಆದರೆ ಹೇಳಿದ್ದು ಸರಿ, ತಾತ. ನೀವು ನಿಧಾನ, ಎದುರಿಗೆ ಬರುವ ಟಿಪ್ಪರ್ ನಿಧಾನವಲ್ಲ. ಬ್ರೇಕ್ ಹಾಕಿದರೆ ಮೊಮ್ಮಗಳ ಹಲ್ಲು ಹ್ಯಾಂಡಲ್‌ಗೆ.

ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2023ರ ಫೆಬ್ರವರಿಯಿಂದ ನಿಯಮವೇ ಇದೆ. ಮಗುವಿಗೆ ಅಳತೆಯ ಹೆಲ್ಮೆಟ್, ಜಾಕೆಟ್‌ನಂತೆ ಮೈಗೆ ಹಾಕಿ ಓಡಿಸುವವರ ಹೆಗಲಿಗೆ ಸೇರಿಸುವ ಪಟ್ಟಿ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಹೆಲ್ಮೆಟ್, ಪಟ್ಟಿ ಎರಡೂ ಬರುವ ತನಕ ಅಂಗಡಿ ಬೀದಿಗೆ ನಡೆದೇ ಹೋಗಿ. ತರಲು ಸೊಸೆಯನ್ನೇ ಕರೆದುಕೊಂಡು ಹೋಗಿ, ‘ಯಾವುದು ಸರಿ ಹೋಗುತ್ತೆ ನೋಡಮ್ಮ’ ಅನ್ನಿ. ಬಣ್ಣ ಮೊಮ್ಮಗಳು ಆರಿಸಲಿ.