ಘಟ್ಟ ಇಳಿದು ಬಂದ ದಂಪತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪತಿಗೆ 29 ವರ್ಷ. ಬೆಂಗಳೂರಿನ ಕಂಪನಿಯ ಕೆಲಸವನ್ನು ಶಿರಸಿ ಸಮೀಪದ ತಮ್ಮ ಮನೆಯಿಂದಲೇ ಮಾಡುತ್ತ, ತಂದೆಯೊಂದಿಗೆ ಅಡಿಕೆ ತೋಟವನ್ನೂ ನೋಡಿಕೊಳ್ಳುತ್ತಾರೆ. ಪತ್ನಿಗೆ 27, ಶಾಲಾ ಶಿಕ್ಷಕಿ. ಶಿರಸಿಯಲ್ಲಿ ಪರಿಚಯದವರು ಕಂಡಾರೆಂಬ ಅಂಜಿಕೆಯಿಂದ ದೇವಿಮನೆ ಘಟ್ಟ ಇಳಿದು ಕಾರವಾರದವರೆಗೆ ಬಂದಿದ್ದರು. ಪತಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಹೆಲ್ಮೆಟ್ಟನ್ನು ತೊಡೆಯ ಮೇಲಿಂದ ಕೆಳಗಿಡದೆಯೇ ಕೇಳಿದರು: “ನಾವೇನು ಡೈವೋರ್ಸ್‌ವರೆಗೆ ಹೋಗಿಲ್ಲವಲ್ಲ ಮೇಡಂ, ಈಗಲೇ ಇಲ್ಲಿಗೆ ಯಾಕೆ?”

ಓದಿದ, ಹೊರಗೆ ದುಡಿದು ಬಂದ ಯುವಕರಲ್ಲೂ ಈ ಭಾವನೆ ಗಟ್ಟಿಯಾಗಿದೆ. ಜಗಳದ ವಿಷಯವನ್ನು ಗೆಳೆಯರಿಗೆ ವಾಟ್ಸಾಪಿನಲ್ಲಿ ಬರೆಯುವವರು, ಮಧ್ಯರಾತ್ರಿ ಯೂಟ್ಯೂಬಿನಲ್ಲಿ ಪರಿಹಾರ ಹುಡುಕುವವರು, ತರಬೇತಿ ಪಡೆದವರ ಎದುರು ಕೂರುವುದನ್ನು ಮಾತ್ರ ಸಂಸಾರ ಮುರಿದುದರ ಲಕ್ಷಣವೆಂದು ತಿಳಿಯುತ್ತಾರೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯುತ್ತೀರೆಂದು ನಾನು ಪತಿಯನ್ನು ಕೇಳಿದೆ. “ಮಳೆ ಹಿಡಿಯುವ ಮೊದಲು” ಎಂದವರು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲಿ ಹೇಳಿದ್ದು ಮನೆಯವರಿಗೆ ತಿಳಿಯುತ್ತದೆಯೇ ಎಂದು ವಿಚಾರಿಸಿದರು. ಅವರ ನಿಜವಾದ ಭಯ ಅದಾಗಿತ್ತು. ಪ್ರಾಣಾಪಾಯದ ಸಂದರ್ಭ ಅಥವಾ ನ್ಯಾಯಾಲಯದ ಆದೇಶವಿದ್ದರೆ ಹೊರತು ಮಾತು ಈ ಕೋಣೆ ದಾಟುವುದಿಲ್ಲವೆಂದೂ, ಹಿರಿಯರ ಪಂಚಾಯಿತಿಯಂತೆ ಯಾರದು ತಪ್ಪೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲವೆಂದೂ ವಿವರಿಸಿದೆ.

ಬಳಿಕ ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸಿದೆ. ಹೊಡೆತ, ಬೆದರಿಕೆ ಇರುವಲ್ಲಿ ಜೋಡಿಯಾಗಿ ಕೂರಿಸುವುದು ನೊಂದವರಿಗೇ ಅಪಾಯವಾಗಬಹುದಾದ್ದರಿಂದ ಈ ಹೆಜ್ಜೆಯನ್ನು ನಾನು ಎಂದೂ ಬಿಡುವುದಿಲ್ಲ. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಂಡದ್ದು ಇಷ್ಟು: ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಆಳುಗಳ ಊಟ, ತಿಂಡಿ, ಚಹಾ ಮುಗಿಸಿ ಶಾಲೆಗೆ ಓಡುವ ಪತ್ನಿ ತನ್ನ ದಣಿವನ್ನು ಹೇಳಿಕೊಂಡರೆ, ಪತಿ ಮಾತು ಬೆಳೆಸಬಾರದೆಂದು ತೋಟಕ್ಕೆ ಇಳಿದುಬಿಡುತ್ತಿದ್ದರು; ಆಕೆ ಒಂದರ ಹಿಂದೊಂದು ಸಂದೇಶ ಕಳಿಸುತ್ತಿದ್ದರು, ಅವರು ಓದಿಯೂ ಉತ್ತರಿಸುತ್ತಿರಲಿಲ್ಲ. ಆಕೆ ಬೆನ್ನು ಹತ್ತಿದಷ್ಟೂ ಇವರು ದೂರ ಸರಿಯುವುದು, ಇವರು ಸರಿದಷ್ಟೂ ಆಕೆ ಬೆನ್ನು ಹತ್ತುವುದು ನಡೆದೇ ಇತ್ತು.

ಜಗಳದ ವಿಷಯವನ್ನು ಮೊಬೈಲಿನಲ್ಲಿ ಬರೆಯಕೂಡದೆಂದು ಇಬ್ಬರಿಗೂ ಹೇಳಿದೆ. ಸಿಟ್ಟು ಏರಿದಾಗ ಪತಿ ಎದ್ದು ಹೋಗಬಹುದು, ಆದರೆ ಎಷ್ಟು ಹೊತ್ತಿಗೆ ಮರಳಿ ಮಾತನಾಡುತ್ತೇನೆಂದು ಹೇಳಿಯೇ ಹೋಗಬೇಕು. ಆ ಹೊತ್ತಿನವರೆಗೆ ಪತ್ನಿ ಕಾಯಬೇಕು. ಮಾತಿಗೆ ಕುಳಿತಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮರಳಿ ಹೇಳಿ, ಸರಿಯೆನಿಸಿಕೊಂಡ ಮೇಲೆಯೇ ಉತ್ತರ ಕೊಡಬೇಕು. ಈ ಅಭ್ಯಾಸ ಮೊದಮೊದಲು ಕೃತಕವೆನಿಸುತ್ತದೆ, ಬಿಡಬಾರದು. ಕೊಯ್ಲಿನ ಅಡುಗೆಗೆ ಜನ ಇಟ್ಟುಕೊಳ್ಳುವ ವಿಚಾರವನ್ನು ಪತಿಯೇ ತಮ್ಮ ತಾಯಿಯೊಡನೆ ಮಾತನಾಡಬೇಕೆಂದೂ ಸೂಚಿಸಿದೆ.

ಹೀಗೆ ಘಟ್ಟ ಇಳಿದು ಬರಲು ಆಗದವರು, ನಿದ್ದೆಗೆಡುವಷ್ಟು ಮನಸ್ಸು ಕುಗ್ಗಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಿಂದ ನಡೆಯುತ್ತಿರುವ ಈ ಉಚಿತ ಸೇವೆ ಕನ್ನಡದಲ್ಲಿಯೂ ದೊರೆಯುತ್ತದೆ. ಈ ದಂಪತಿ ಮುಂದಿನ ಭೇಟಿಗೆ ಬಂದಾಗ ತಾಯಿಯೊಡನೆ ಮಾತು ಮುಗಿದಿತ್ತು, ಅಡುಗೆಯ ಏರ್ಪಾಡು ಇನ್ನೂ ಆಗಿರಲಿಲ್ಲ. ಆ ದಿನದ ಸಮಯವನ್ನು ಗೊತ್ತುಮಾಡಿಕೊಳ್ಳಲು ಫೋನ್ ಮಾಡಿದವರು ಪತಿ.