ನೈಸಿಯಕ್ಕಿಂತ ಮುಂಚೆಯೇ ಇದ್ದ ನಂಬಿಕೆ

"325ರಲ್ಲಿ ನೈಸಿಯದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ವೋಟು ಹಾಕಿಸಿ ಯೇಸುವನ್ನು ದೇವರು ಮಾಡಿದ್ದಲ್ವಾ?" ಅಂತ ಕೇಳಿದ್ದೀರಿ. ನೈಸಿಯ ಅಂದರೆ ಇವತ್ತಿನ ಟರ್ಕಿಯಲ್ಲಿದ್ದ ಒಂದು ಊರು; ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ಬಿಷಪ್‌ಗಳ ಸಭೆ ಕರೆದಿದ್ದ. ಈ ಪ್ರಶ್ನೆಯನ್ನು ನಾನೂ ಬಹಳ ಸಲ ಕೇಳಿದ್ದೇನೆ. ಆದರೆ ಇಸವಿ ನೋಡಿದರೆ ಲೆಕ್ಕ ಕೂಡುವುದಿಲ್ಲ.

ಸುಮಾರು 112ರಲ್ಲಿ, ಇವತ್ತಿನ ಟರ್ಕಿಯ ಕಡೆ ರೋಮ್‌ನ ಅಧಿಕಾರಿಯಾಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಅವನು ವಿಚಾರಿಸಿದ ಕ್ರೈಸ್ತರು ಹೇಳಿದ್ದಿಷ್ಟು: ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಿದ್ದೆವು, ದೇವರಿಗೆ ಹಾಡುವ ಹಾಗೆ ಕ್ರಿಸ್ತನಿಗೆ ಹಾಡುತ್ತಿದ್ದೆವು. ಬರೆದವನು ಅವರ ಕಡೆಯವನಲ್ಲ, ಶಿಕ್ಷೆ ಕೊಡಲು ಕೂತವನು! ನೈಸಿಯ ಸಭೆ ಸೇರಿದ್ದು ಇದಾದ 200 ವರ್ಷಕ್ಕೂ ಮೇಲೆ. ಇನ್ನೂ ಹಿಂದೆ, 50ರ ದಶಕದಲ್ಲಿ, ಯೇಸುವಿನ ಅಪೊಸ್ತಲ ಪೌಲ, ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ: ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತ, ಹೂಣಿಟ್ಟರು, ಮೂರನೇ ದಿನ ಎದ್ದ. ಇದು ತನಗೂ ಬೇರೆಯವರಿಂದ ಬಂದದ್ದು ಅಂತಲೇ ಹೇಳುತ್ತಾನೆ.

ನೈಸಿಯದ ಜಗಳ ಬೇರೆ. ಮಗ, ಅಂದರೆ ಯೇಸು, ಎಲ್ಲಕ್ಕಿಂತ ಮೊದಲಿನವನೇ, ಆದರೂ ತಂದೆಯಾದ ದೇವರು ಸೃಷ್ಟಿಸಿದವನು ಅಂದ ಆರಿಯಸ್ ಎಂಬ ಪಾದ್ರಿ. ಬಿಷಪ್‌ಗಳು ಒಪ್ಪಲಿಲ್ಲ. ಚಕ್ರವರ್ತಿಯ ಒತ್ತಡ ಇತ್ತು, ಇಲ್ಲ ಅನ್ನಲ್ಲ. ಆದರೆ ಅವನ ಮಗ ಕಾನ್‌ಸ್ಟಾಂಷಿಯಸ್ ಆಮೇಲೆ ಆರಿಯಸ್ ಕಡೆಯವರ ಬೆನ್ನಿಗೆ ನಿಂತ. ಅರಮನೆಯ ಮಾತೇ ನಡೆಯುವಂತಿದ್ದರೆ ಆರಿಯಸ್ ಗೆಲ್ಲಬೇಕಿತ್ತು ಅಲ್ವಾ?

ನಮ್ಮಲ್ಲಿ ಕೆಥೊಲಿಕರು ಬಲಿಪೂಜೆ ಅಂತಾರೆ, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಕಡೆಯವರು ಆರಾಧನೆ ಅಂತಾರೆ. ಪೋಪ್ ವಿಷಯ ಬಂದರೆ ಜಗಳ ಇದ್ದದ್ದೇ. ಆದರೂ ನೈಸಿಯದ ವಿಶ್ವಾಸ ಪ್ರಮಾಣವನ್ನು, ಅಂದರೆ ತಾವು ನಂಬುವುದನ್ನು ಸಾರುವ ಆ ಮಾತುಗಳನ್ನು, ಇಬ್ಬರೂ ಎದ್ದು ನಿಂತೇ ಹೇಳುತ್ತಾರೆ.