ತಪಸ್ಸುಕಾಲದಲ್ಲಿ ಮನೆಯಲ್ಲಿ ಏನು ಪ್ರಾರ್ಥಿಸಲಿ?

ಪ್ರಶ್ನೆ: ಮನೆ ಕಲ್ಯಾಣಪುರದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಬಸ್ಸಿಳಿದು ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಅಜ್ಜಿ ಇದ್ದಾಗ ಕರೇಜ್ಮಿನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ತೇರ್ಸ್ (ಜಪಮಾಲೆ) ಮುಗಿದ ಮೇಲೂ ಉದ್ದುದ್ದ ಪ್ರಾರ್ಥನೆ ಇರುತ್ತಿತ್ತು. ನನಗೆ ಅದು ಬಾಯಿಪಾಠ ಇಲ್ಲ, ಮಕ್ಕಳಿಗೆ ಕೊಂಕಣಿ ಅಷ್ಟಕ್ಕಷ್ಟೇ. ದಿನಕ್ಕೆ ಹೆಚ್ಚೆಂದರೆ 20 ನಿಮಿಷ ಸಿಗಬಹುದು. ಏನು ಪ್ರಾರ್ಥಿಸಲಿ? ಬೈಬಲ್ ಎಲ್ಲಿಂದ ಓದಲಿ?

ಉತ್ತರ: 20 ನಿಮಿಷ ಧಾರಾಳವಾಯಿತು. ಅಜ್ಜಿ ಮಾಡಿದ್ದನ್ನೆಲ್ಲ ಮಾಡಲು ಹೋಗಬೇಡಿ, ಮೂರನೇ ದಿನಕ್ಕೇ ಕೈಬಿಡುತ್ತೀರಿ. ಜಪಮಾಲೆಯ ದುಃಖದ ರಹಸ್ಯಗಳು, ಅಂದರೆ ಧ್ಯಾನಿಸುವ ಘಟನೆಗಳು, ಐದು: ಗೆತ್ಸೆಮನಿ ತೋಟದ ಸಂಕಟ, ಕೊರಡೆ ಏಟು, ಮುಳ್ಳಿನ ಕಿರೀಟ, ಶಿಲುಬೆ ಹೊತ್ತದ್ದು, ಶಿಲುಬೆಯ ಮರಣ. ದಿನಕ್ಕೆ ಒಂದೇ ರಹಸ್ಯ ಸಾಕು. ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲೇ ಹೇಳಿ. ಕೊನೆಗೆ ಮಕ್ಕಳು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಬೇಡುವ ಪದ್ಧತಿಯನ್ನು ಮಾತ್ರ ಬಿಡಬೇಡಿ. ಅದಕ್ಕೆ ಒಂದು ನಿಮಿಷವೂ ಬೇಡ.

ಇನ್ನು ಕೀರ್ತನೆ 51. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲಿ ಹಾಡುವುದು ಇದನ್ನೇ. ಗುರುಗಳು, ಕನ್ಯಾಸ್ತ್ರೀಯರು ವರ್ಷವಿಡೀ ಶುಕ್ರವಾರ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವುದೂ ಇದನ್ನೇ. ಪರರ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ತಪ್ಪಿದ ಅರಸ ದಾವೀದನನ್ನು ಪ್ರವಾದಿ ನಾತಾನ ಬಂದು ಎಚ್ಚರಿಸಿದ ಮೇಲಿನ ಪ್ರಾರ್ಥನೆ ಇದು ಎಂದು ಕೀರ್ತನೆಯ ತಲೆಬರಹವೇ ಹೇಳುತ್ತದೆ. ಗಮನಿಸಿ, ಇದರಲ್ಲಿ ಒಂದು ನೆಪವೂ ಇಲ್ಲ. ಕಾಲ ಹಾಗಿತ್ತು, ಜನ ಹೀಗೆ ಮಾಡಿದರು ಅನ್ನುವ ಮಾತೇ ಇಲ್ಲ. ದಿನಕ್ಕೆ ಮೂರು ವಚನ ಓದಿದರೆ ಒಂದು ವಾರಕ್ಕೆ ಮುಗಿಯುತ್ತದೆ. ಮತ್ತೆ ಮೊದಲಿಂದ ಶುರು ಮಾಡಿ.

ಶುಭಸಂದೇಶಕ್ಕೆ ಮತ್ತಾಯ 4:1-11 ರಿಂದ ಹೊರಡಿ. ತಪಸ್ಸುಕಾಲದ ಮೊದಲ ಭಾನುವಾರ ಪ್ರತಿ ವರ್ಷವೂ ಮರುಭೂಮಿಯ ಶೋಧನೆಯ ಪಾಠವೇ ಬರುತ್ತದೆ. ಯೇಸುಸ್ವಾಮಿ ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಡುತ್ತಾರೆ. ಅದು ಎಲ್ಲರಿಗೂ ಗೊತ್ತು. ಆದರೆ ಎರಡನೇ ಸಲ ಸೈತಾನನೂ ಪವಿತ್ರ ಗ್ರಂಥವನ್ನೇ ಹೇಳುತ್ತಾನೆ, ಅಲ್ವಾ? ದೇವಾಲಯದ ತುದಿಯಿಂದ ಹಾರು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎನ್ನುವುದು ಕೀರ್ತನೆ 91 ರ ಮಾತು. ಒಮ್ಮೆ ಆ ಕೀರ್ತನೆ ತೆರೆದು ಪಕ್ಕದಲ್ಲಿಟ್ಟು ನೋಡಿ. ‘ನೀನು ಹೋದಲ್ಲೆಲ್ಲ ಕಾಯಲು’ ಎಂಬ ಅರ್ಥದ ತುಂಡನ್ನು ಅವನು ನುಂಗಿಬಿಟ್ಟಿದ್ದಾನೆ. ಮುಂದಿನ ವಚನದಲ್ಲೇ ಸಿಂಹ, ಸರ್ಪಗಳನ್ನು ತುಳಿಯುವ ಮಾತಿದೆ. ಅದು ಬರುವ ಮೊದಲೇ ನಿಲ್ಲಿಸಿದ್ದಾನೆ! ಧ್ಯಾನ ಅಂದರೆ ಕಣ್ಣು ಮುಚ್ಚಿ ಸುಮ್ನೆ ಕೂರುವುದೇ ಆಗಬೇಕಿಲ್ಲ. ಹೀಗೆ ಹಿಂದೆ ಮುಂದೆ ನೋಡಿ ಓದುವುದೂ ಧ್ಯಾನವೇ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಹತ್ತು ಜನರಿಗೆ ಕಳಿಸಿ, ಕೃಪೆ ಸಿಗುತ್ತದೆ’ ಎಂಬ ಅರ್ಧ ವಚನಗಳನ್ನು ಅಳಿಸಿಹಾಕಿ, ಪಾಪವೇನೂ ಬರುವುದಿಲ್ಲ.

ಪ್ರಶ್ನೆ: ಶುಕ್ರವಾರ ಶಿಲುಬೆಯ ಹಾದಿಗೆ (ಯೇಸುವಿನ ಕೊನೆಯ ಪಯಣವನ್ನು ಸ್ಥಳ ಸ್ಥಳವಾಗಿ ಧ್ಯಾನಿಸುವ ಪ್ರಾರ್ಥನೆಗೆ) ತಪ್ಪದೆ ಹೋಗುತ್ತೇನೆ. ಸಿಎಸ್‌ಐ (ಪ್ರೊಟೆಸ್ಟಂಟ್) ಚರ್ಚಿಗೆ ಹೋಗುವ ಗೆಳತಿಯೊಬ್ಬಳು, ‘ವೆರೋನಿಕಾ ಬೈಬಲಿನಲ್ಲಿ ಎಲ್ಲಿದ್ದಾಳೆ, ತೋರಿಸು’ ಅಂದಳು. ಹುಡುಕಿದೆ, ಸಿಗಲಿಲ್ಲ.

ಉತ್ತರ: ಸಿಗುವುದೂ ಇಲ್ಲ. ಗೆಳತಿ ಹೇಳಿದ್ದು ಸರಿ. ಯೇಸು ಮೂರು ಸಲ ಬೀಳುವುದು, ದಾರಿಯಲ್ಲಿ ತಾಯಿಯನ್ನು ಕಾಣುವುದು, ವೆರೋನಿಕಾ ಮುಖ ಒರೆಸುವುದು, ಮರಿಯಮ್ಮನವರ ಮಡಿಲಲ್ಲಿ ಮೃತದೇಹ, ಇವು ಯಾವುವೂ ಶುಭಸಂದೇಶಗಳಲ್ಲಿ ಬರೆದಿಲ್ಲ. ಭಕ್ತರ ಪರಂಪರೆಯಿಂದ ಬಂದವು. ಒಂದು ಕಾಲದಲ್ಲಿ ಸ್ಥಳಗಳ ಲೆಕ್ಕವೂ ಊರಿಗೊಂದು ಥರ ಇತ್ತು. 14 ಎಂದು ಗಟ್ಟಿಯಾದದ್ದು 1731 ರಲ್ಲಿ, ಪೋಪ್ 12ನೇ ಕ್ಲೆಮೆಂಟರ ಕಾಲಕ್ಕೆ. 1991 ರ ಶುಭ ಶುಕ್ರವಾರ ಪೋಪ್ 2ನೇ ಜಾನ್ ಪೌಲರು ರೋಮಿನ ಕೊಲೋಸಿಯಂನಲ್ಲಿ ಪೂರ್ತಿ ಬೈಬಲಿನ ಘಟನೆಗಳೇ ಇರುವ ಶಿಲುಬೆಯ ಹಾದಿ ನಡೆಸಿದರು. ಅದು ಗೆತ್ಸೆಮನಿಯಿಂದ ಶುರುವಾಗುತ್ತದೆ. ಪೇತ್ರ ಯೇಸುವನ್ನು ಅರಿಯೆ ಅಂದದ್ದು, ಪಕ್ಕದ ಶಿಲುಬೆಯ ಕಳ್ಳನಿಗೆ ಸಿಕ್ಕ ಮಾತು, ಶಿಲುಬೆಯ ಬುಡದಲ್ಲಿ ನಿಂತ ತಾಯಿ ಮತ್ತು ಶಿಷ್ಯ ಅದರಲ್ಲಿದ್ದಾರೆ. ಒಂದು ಶುಕ್ರವಾರ ಗೆಳತಿಯನ್ನೂ ಕೂರಿಸಿಕೊಂಡು ಇದನ್ನು ಮಾಡಬಹುದು, ಅವಳ ತಕರಾರು ಇರಲಿಕ್ಕಿಲ್ಲ. ನನ್ನನ್ನು ಕೇಳಿದರೆ ವೆರೋನಿಕಾಳನ್ನು ಬಿಡಲು ಮನಸ್ಸು ಬರುವುದಿಲ್ಲ. ಸಿಪಾಯಿಗಳ ನಡುವೆ ನುಗ್ಗಿ ಬಟ್ಟೆ ಚಾಚುವ ಧೈರ್ಯ ಅಲ್ಲಿ ಇನ್ಯಾರಿಗಿತ್ತು?

ಪ್ರಶ್ನೆ: ಶುಕ್ರವಾರ ಮೀನು ತಿನ್ನಬಹುದಾ?

ಉತ್ತರ: ತಿನ್ನಬಹುದು. ಬಿಡಬೇಕಾದದ್ದು ಮಾಂಸ, ಅದೂ 14 ವರ್ಷ ತುಂಬಿದವರಿಗೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವೂ ಇದೆ: 18 ರಿಂದ 59 ವರ್ಷದವರಿಗೆ ಒಂದು ಪೂರ್ತಿ ಊಟ, ಬೇಕಾದರೆ ಎರಡು ಸಲ ಸ್ವಲ್ಪ ಸ್ವಲ್ಪ. ಕಾಯಿಲೆಯವರಿಗೆ ವಿನಾಯಿತಿ. ಆದರೆ ನಮ್ಮ ಕರಾವಳಿಯಲ್ಲಿ ಮೀನು ತಿನ್ನುವುದು ತ್ಯಾಗವಾ? ದೋಣಿಗಳ ರಜೆ ಜೂನ್‌ನಲ್ಲಿ, ತಪಸ್ಸುಕಾಲದಲ್ಲಿ ದಕ್ಕೆ (ಮೀನು ಬಂದರು) ತುಂಬ ಮೀನು. ಕೋಳಿಗಿಂತ ಜಾಸ್ತಿ ದುಡ್ಡು ಕೊಟ್ಟು ಅಂಜಲ್ ತಂದು ಫ್ರೈ ಮಾಡಿದರೆ ನಿಯಮ ಮುರಿಯುವುದಿಲ್ಲ, ಅಷ್ಟೇ. ಬೂತಾಯಿ ಸಾರು ಮಾಡಿ, ಉಳಿದ ದುಡ್ಡನ್ನು ಬಡವರ ಕಾಣಿಕೆ ಡಬ್ಬಿಗೆ ಹಾಕಿ. ಮೊಟ್ಟೆ, ಹಾಲಿಗೂ ಅಡ್ಡಿಯಿಲ್ಲ.